ಒಂಬತ್ತೂವರೆಯ ನಂತರದ ಪುಟ

ಗಡಿಗೆ, ಮೂರನೇ ಸುತ್ತು.
ಉರಿ ನಿಂತ ನೂರಾ ಮೂವತ್ತೆಂಟನೇ ವರ್ಷ, ಮಾರ್ಚ್ 63, ಸೋಮವಾರ.

ಒಂದು ಗಂಟೆ ದೀಪ ಆರಿಸಿದ ಹಿರಿಯರಿಗೆ, ಗಡಿಗೆಯ ಯಜಮಾನಿ ಸೂಗಮ್ಮ ಬರೆಯುವ ಕಾಗದ.

ಮಾರ್ಚ್ ತಿಂಗಳಿಗೆ ಅರವತ್ತಮೂರನೇ ದಿನ ಎಲ್ಲಿಂದ ಬಂತು ಎಂದು ನೀವು ಕೇಳುವಿರಿ. ನಮ್ಮಲ್ಲಿ ಬರುತ್ತದೆ. ಕೆಲವು ವರ್ಷ ಎಂಬತ್ತನೆಯದೂ ಬರುತ್ತದೆ. ಕಾರಣವನ್ನು ಮುಂದೆ ಬರೆದಿದ್ದೇನೆ. ನಾನು ಹತ್ತನೇ ಇಯತ್ತೆಯವರೆಗೆ ಓದಿದವಳು. ಗಡಿಗೆಯ ಮುನ್ನೂರ ನಲವತ್ತು ಜನರಲ್ಲಿ ಅಷ್ಟು ಓದಿದವರು ನನ್ನನ್ನು ಬಿಟ್ಟರೆ ಇನ್ನಿಬ್ಬರು. ಆದರೂ ನಿಮ್ಮ ಕಾಲದ ಎಷ್ಟೋ ಮಾತುಗಳು ನಮ್ಮಲ್ಲಿ ಸತ್ತುಹೋಗಿವೆ, ನಾವು ಕಟ್ಟಿಕೊಂಡ ಮಾತುಗಳು ನಿಮ್ಮ ಕಿವಿಗೆ ಒರಟಾಗಿ ಕೇಳಬಹುದು. ಅದಕ್ಕೆ ಕ್ಷಮೆ ಇರಲಿ. ಕ್ಷಮೆ ಕೇಳುವುದು ನನಗೆ ರೂಢಿಯಿಲ್ಲ. ಅರವತ್ತೊಂಬತ್ತು ವರ್ಷದಲ್ಲಿ ಇದು ಮೊದಲನೆಯದು.

ವಿಷಯ ಇಷ್ಟು. ನನ್ನ ಮಗಳು ಮೋನಮ್ಮ ಕತ್ತಲೆಗಂಟೆಯಲ್ಲಿ, ಎಂದರೆ ಎಲ್ಲರೂ ದೀಪ ಆರಿಸಿ ಕೂರಬೇಕಾದ ಗಂಟೆಯಲ್ಲಿ, ದೀಪ ಹಚ್ಚಿದಳು. ನಾಳೆ ನೆತ್ತಿಹೊತ್ತಿಗೆ ಅವಳನ್ನು ಬೂದಿ ಬಯಲಿಗೆ ಬಿಡಬೇಕೆಂದು ಸಭೆ ತೀರ್ಮಾನಿಸಿದೆ. ನೆತ್ತಿಹೊತ್ತು ಎಂದರೆ ಹನ್ನೊಂದರಿಂದ ನಾಲ್ಕು. ಆ ಹೊತ್ತಿನ ಬಿಸಿಲಿಗೆ ಹಾರುವ ಹಕ್ಕಿ ನೆಲಕ್ಕೆ ಬೀಳುತ್ತದೆ. ಬೂದಿ ಬಯಲಿಗೆ ಹೋದ ಯಾರೂ ಈವರೆಗೆ ಮರಳಿಲ್ಲ. ಈ ಶಿಕ್ಷೆಯನ್ನು ನಿಲ್ಲಿಸಬಲ್ಲದ್ದು ಒಂದೇ ಒಂದು ಹಾಳೆ. ಅದನ್ನು ಬರೆಯಬೇಕಾದವರು ನೀವು.

ನಾವಿರುವ ಜಾಗ ನಿಮಗೆ ಗೊತ್ತು, ಕಟ್ಟಿದವರೇ ನೀವು. ಕೃಷ್ಣೆಯ ದಂಡೆಯಲ್ಲಿ ಕಲ್ಲಿದ್ದಲು ಸುಟ್ಟು ಕರೆಂಟು ಮಾಡುತ್ತಿದ್ದ ಕಾರ್ಖಾನೆ, ಅದರ ಪಕ್ಕ ಬಿಸಿನೀರು ತಣಿಸಲು ಎತ್ತಿದ ಸಿಮೆಂಟಿನ ಗೋಪುರ. ಬುಡ ಅಗಲ, ನಡು ಸಣ್ಣ, ಒಳಗೆ ಪೂರಾ ಪೊಳ್ಳು. ಅದನ್ನೇ ನಾವು ಗಡಿಗೆ ಎನ್ನುತ್ತೇವೆ. ಬುಡದ ಕಿಂಡಿಗಳಿಂದ ಒಳಗೆ ಬಂದ ಗಾಳಿ ಮೇಲಿನ ಬಾಯಿಯಿಂದ ಹೊರಗೆ ಹೋಗುತ್ತಲೇ ಇರುತ್ತದೆ. ಆ ಎಳೆಗಾಳಿ ಇಲ್ಲದಿದ್ದರೆ ನಾವು ಯಾರೂ ಬದುಕಿರುತ್ತಿರಲಿಲ್ಲ. ಒಳಗೋಡೆಗೆ ಕಬ್ಬಿಣದ ತೊಲೆ ಬಡಿದು, ಹಲಗೆ ಹಾಸಿ, ಒಂದರ ಮೇಲೊಂದು ಐದು ಸುತ್ತು ಮನೆಗಳನ್ನು ಕಟ್ಟಿದ್ದೇವೆ. ಸುತ್ತಿನಿಂದ ಸುತ್ತಿಗೆ ನಿಚ್ಚಣಿಕೆ. ಮನೆಯ ಮುಂದೆ ಎರಡು ಮೊಳ ಅಗಲದ ಓಡಾಟದ ದಾರಿ, ಅದರ ಆಚೆ ಏನೂ ಇಲ್ಲ, ಕೆಳಗೆ ತಳದ ಕಲ್ಲು. ಕಟಾಂಜನಕ್ಕೆ ಸಾಕಾಗುವಷ್ಟು ಕಬ್ಬಿಣ ನಮ್ಮಲ್ಲಿಲ್ಲ. ಮುಂಜಾನೆ ನಾಲ್ಕಕ್ಕೆ ಎದ್ದು ಸಜ್ಜೆಯ ಹೊಲಕ್ಕೆ ಹೋಗುತ್ತೇವೆ, ಒಂಬತ್ತಕ್ಕೆ ಒಳಗೆ ಬಂದುಬಿಡುತ್ತೇವೆ. ಗಂಡಸರು ಬೂದಿಯಿಂದ ಇಟ್ಟಂಗಿ ಒತ್ತುತ್ತಾರೆ. ಹೆಂಗಸರು, ನಿಮ್ಮ ಕಲ್ಲಿದ್ದಲು ಹೊತ್ತು ತರುತ್ತಿದ್ದ ರಬ್ಬರಿನ ಪಟ್ಟಿಯನ್ನು ಕತ್ತರಿಸಿ ಚಪ್ಪಲಿ ಹೊಲಿಯುತ್ತಾರೆ. ಅದು ಇನ್ನೂ ಅರ್ಧ ಹರದಾರಿ ಉಳಿದಿದೆ. ಮನೆಗೊಂದು ಬಿಸಿಲಹಲಗೆ, ಅದು ಹೀರಿದ ಬಿಸಿಲಿನಿಂದ ಉರಿಯುವ ಒಂದು ದೀಪ. ಯಜಮಾನಿಯ ಕೈಯಲ್ಲಿ ಕಾರ್ಖಾನೆಯ ಕಾಲದ, ನಟ್ಟು ತಿರುಗಿಸುವ ಎರಡು ಮೊಳದ ಕಬ್ಬಿಣದ ಪಾನಾ ಇರುತ್ತದೆ. ನನ್ನ ತಾಯಿಯಿಂದ ನನಗೆ ಬಂತು. ಅದನ್ನು ನೆಲಕ್ಕೆ ಕುಟ್ಟಿದರೆ ಐದು ಸುತ್ತೂ ಸುಮ್ಮನಾಗಬೇಕು.

ಹೆಬ್ಬಾಗಿಲಲ್ಲಿ ನೀವು ನೆಟ್ಟ ತಗಡಿನ ಫಲಕವೊಂದಿದೆ. ಗುಂಡಿಯ ಮೇಲೆ ಬೆರಳಿಟ್ಟ ಕೈಯ ಚಿತ್ರ. ಕೆಳಗೆ, ‘ಮಾರ್ಚ್ ಕೊನೆಯ ಶನಿವಾರ ರಾತ್ರಿ 8:30ರಿಂದ 9:30. ಒಂದು ಗಂಟೆ ದೀಪ ಆರಿಸೋಣ, ಭೂಮಿ ಉಳಿಸೋಣ.’ ನಿಮ್ಮ ಕಾಲದ ಬೇರೆ ಬರಹಗಳು ಗೆದ್ದಲಿಗೂ ಬೆಂಕಿಗೂ ಹೋದವು. ತಗಡು ಉಳಿಯಿತು. ಹಿಂದಿನವರು ಅದರಿಂದಲೇ ತಿಳಿದುಕೊಂಡದ್ದು ಇದು: ಆ ಗಂಟೆ ನೀವೆಲ್ಲ ದೀಪ ಆರಿಸಿದಿರಿ, ಮತ್ತೆ ಹಚ್ಚಲಿಲ್ಲ. ನಿಮ್ಮ ಕೈಯಿಂದಲೇ ಕುಲುಮೆಗೆ ನೀರು ಸುರಿದು ದೊಡ್ಡ ಉರಿಯನ್ನು ನಿಲ್ಲಿಸಿದಿರಿ. ಒಬ್ಬ ಮಾತ್ರ ದೀಪ ಹಚ್ಚಿದ, ಅವನ ದೀಪಕ್ಕೆ ನೀವು ಕಲ್ಲು ಹೊಡೆದಿರಿ. ನಮ್ಮ ವರ್ಷ ಶುರುವಾಗುವುದು ಆ ರಾತ್ರಿಯಿಂದ. ಉಳಿದ ಜಗತ್ತು ಕೆಟ್ಟದ್ದಕ್ಕೆ ಬೇರೆಯವರು ಕಾರಣ, ನಾವು ದೀಪ ಆರಿಸಿದವರ ವಂಶ ಎಂದು ನಮ್ಮ ಮಕ್ಕಳು ಮಾತು ಕಲಿಯುವ ಮೊದಲೇ ಕಲಿಯುತ್ತಾರೆ. ನಾನೂ ಹಾಗೇ ಕಲಿತೆ, ಹಾಗೇ ಕಲಿಸಿದೆ.

ಮಾರ್ಚ್ ಯಾವಾಗ ಮುಗಿಯುತ್ತದೆಂದು ಮಾತ್ರ ಫಲಕದಲ್ಲಿ ಬರೆದಿರಲಿಲ್ಲ. ಕೊನೆಯ ಶನಿವಾರ ಯಾವುದೆಂದು ಯಾರು ಹೇಳಬೇಕು? ತಪ್ಪಬಾರದೆಂದು ಎಲ್ಲ ಶನಿವಾರವೂ ದೀಪ ಆರಿಸುತ್ತೇವೆ. ಹೊರಗಿನ ಗಾಳಿ ತಿರುಗಿ ಮೊದಲ ಹನಿ ಬಿದ್ದ ದಿನ ಯಜಮಾನಿ ಪಾನಾ ಕುಟ್ಟಿ ಮಾರ್ಚ್ ಮುಗಿಯಿತು ಎನ್ನುತ್ತಾಳೆ. ಆವರೆಗೆ ಮಾರ್ಚ್ ನಡೆಯುತ್ತದೆ.

ಕತ್ತಲೆಗಂಟೆಯ ಕಟ್ಟಳೆ ಹೀಗಿದೆ. ದೊಡ್ಡವರೆಲ್ಲರ ಮಡಿಲಲ್ಲಿ ಮೂರು ಬೂದಿ ಇಟ್ಟಂಗಿ. ಯಾರೂ ಏಳಬಾರದು, ನಡೆಯಬಾರದು. ಎಲ್ಲಾದರೂ ಬೆಳಕು ಕಂಡರೆ ಮೊದಲ ಇಟ್ಟಂಗಿ ಯಜಮಾನಿಯದು, ಆಮೇಲೆ ಎಲ್ಲರದು. ನಾವು ಬೆಳಕಿಗೆ ಹೊಡೆಯುತ್ತೇವೆ, ಮನುಷ್ಯರಿಗಲ್ಲ. ಹಾಗೆಂದು ಹೇಳಿಕೊಳ್ಳುತ್ತೇವೆ. ದೀಪ ಹಿಡಿದವರು ಸತ್ತರೆ ಅಲ್ಲಿಗೆ ಮುಗಿಯಿತು, ಬದುಕಿದರೆ ಮೂರನೇ ದಿನ ಬೂದಿ ಬಯಲು. ನಾನು ಯಜಮಾನಿಯಾದ ಇಪ್ಪತ್ತಾರು ವರ್ಷದಲ್ಲಿ ಹನ್ನೆರಡು ಸಲ ಮೊದಲ ಇಟ್ಟಂಗಿ ಎಸೆದಿದ್ದೇನೆ, ಒಂದು ಸಲವೂ ಗುರಿ ತಪ್ಪಿಲ್ಲ. ಆರು ವರ್ಷದ ಹಿಂದೆ ಐದನೇ ಸುತ್ತಿನ ಅಯ್ಯಣ್ಣನ ಹೆಂಡತಿ ಹುಲಿಗೆಮ್ಮ, ಅತ್ತೆಯ ಹಾಸಿಗೆಯಲ್ಲಿ ಚೇಳು ಇದೆಯೆಂದು ದೀಪ ಹಚ್ಚಿದಳು. ಅವಳ ದವಡೆ ಒಡೆಯಿತು, ಜೀವ ಹೋಗಲಿಲ್ಲ. ಮೂರನೇ ದಿನ ನಾನೇ ಬಾಗಿಲು ತೆಗೆಸಿ ಹೊರಗೆ ಕಳಿಸಿದೆ. ಮಾತಾಡಲು ಬಾಯಿ ಇರದಿದ್ದರಿಂದ ಅವಳು ಎರಡೂ ಕೈಯಿಂದ ಬಾಗಿಲು ಬಡಿದಳು. ಬಡಿತ ಒಂದು ಗಂಟೆಯ ಮೇಲೆ ಕೇಳಿಸಿತು. ಆಮೇಲೆ ನಿಂತಿತು.

ಮೊನ್ನೆ ಶನಿವಾರ ಮೋನಮ್ಮನ ಮಗಳು ನಿಂಗಿ, ನನ್ನ ನಾಲ್ಕು ವರ್ಷದ ಮೊಮ್ಮಗಳು, ಕತ್ತಲಲ್ಲಿ ಉಚ್ಚೆಗೆಂದು ಎದ್ದಳು. ನಾಲ್ಕನೇ ಸುತ್ತಿನ ಅಂಚಿನಿಂದ ಕಾಲು ಜಾರಿತು. ಕೆಳಗಿನ ಕೊಳವೆಯೊಂದಕ್ಕೆ ಅವಳ ಕೈ ಸಿಕ್ಕಿತು. ನೇತಾಡುತ್ತ ಕಿರುಚಿದಳು. ಗಡಿಗೆಯೊಳಗೆ ದನಿ ಗೋಡೆಗೋಡೆಗೆ ಬಡಿದು ಸುತ್ತುತ್ತದೆ, ಯಾವ ಸುತ್ತಿನದು, ಯಾರ ಮಗುವಿನದು ತಿಳಿಯುವುದಿಲ್ಲ. ಮುನ್ನೂರ ನಲವತ್ತು ಜನ ಕೇಳಿದೆವು, ಯಾರೂ ಏಳಲಿಲ್ಲ. ಹಿಂದೆಯೂ ಹೀಗೆ ಕೆಲವರು ಬಿದ್ದಿದ್ದಾರೆ. ಅವರನ್ನು ‘ಗಂಟೆಗೆ ಹೋದವರು’ ಎಂದು ಕರೆದು ಕೈಮುಗಿದು ಸುಮ್ಮನಾಗಿದ್ದೇವೆ. ನಾನು ಮೂರನೇ ಸುತ್ತಿನ ನನ್ನ ಪೀಠದಲ್ಲಿ ಕುಳಿತು ಆ ಕೂಗು ಯಾವಾಗ ನಿಲ್ಲುತ್ತದೆಂದು ಕಾಯುತ್ತಿದ್ದೆ. ಆಗ ಎದುರು ಗೋಡೆಯಲ್ಲಿ, ನಾಲ್ಕನೇ ಸುತ್ತಿನಲ್ಲಿ, ಬೆಳಕು ಕಂಡಿತು.

ನಾನು ಎಸೆದೆ. ಯಾರು, ಏನು ಎಂದು ಕೇಳಲಿಲ್ಲ. ಕೇಳುವ ಕಟ್ಟಳೆ ಇಲ್ಲ. ಇಟ್ಟಂಗಿ ದೀಪ ಹಿಡಿದ ಕೈಗೆ ಬಿತ್ತು, ದೀಪ ಹಲಗೆಯ ಮೇಲೆ ಬಿದ್ದರೂ ಆರಲಿಲ್ಲ. ಅದರ ಬೆಳಕಲ್ಲಿ ಒಂದು ಹೆಣ್ಣು ಅಂಚಿಗೆ ಹೊಟ್ಟೆಯೂರಿ ಮಲಗಿ, ಇನ್ನೊಂದು ಕೈಯಿಂದ ಮಗುವಿನ ಜುಟ್ಟು ಹಿಡಿದು ಮೇಲೆ ಎಳೆಯುವುದು ಕಂಡಿತು. ಅಷ್ಟರಲ್ಲಿ ಐದೂ ಸುತ್ತಿನಿಂದ ಇಟ್ಟಂಗಿಗಳು ಬಂದವು. ಬೆನ್ನಿಗೆ ಬೀಳುವ ಇಟ್ಟಂಗಿಯ ಸದ್ದು, ಗೋಡೆಗೆ ಬೀಳುವ ಇಟ್ಟಂಗಿಯ ಸದ್ದು ಬೇರೆ ಬೇರೆ. ನನಗೆ ಎರಡರ ಗುರುತೂ ಇದೆ. ಮಗುವನ್ನು ಎಳೆದುಕೊಂಡವಳು ಅದರ ಮೇಲೆ ಕವುಚಿ ಮಲಗಿದಳು. ದೀಪ ಒಡೆದು ಕತ್ತಲಾಯಿತು. ಕತ್ತಲಾದ ಮೇಲೂ ಇಟ್ಟಂಗಿ ಬೀಳುತ್ತಿದ್ದವು, ಏಕೆಂದರೆ ಮಡಿಲಲ್ಲಿ ಇನ್ನೂ ಉಳಿದಿದ್ದವು. ಒಂಬತ್ತೂವರೆಗೆ ದೀಪ ಹಚ್ಚಿದಾಗ ಅದು ಮೋನಮ್ಮನೆಂದು ತಿಳಿಯಿತು.

ಅವಳ ಬಲಗಣ್ಣು ಹೋಗಿದೆ. ಎಡಗಡೆ ನಾಲ್ಕು ಪಕ್ಕೆಲುಬು ಮುರಿದಿವೆ. ನಾನು ಹೊಡೆದ ಕೈಯ ಬೆರಳುಗಳು ಇನ್ನು ಮಡಚುವುದಿಲ್ಲ. ಭಾನುವಾರ ಮುಂಜಾನೆ ನಾನು ಹತ್ತಿರ ಹೋಗಿ ಕುಳಿತಾಗ ಅವಳು ಎಚ್ಚರವಿದ್ದಳು.

“ಯವ್ವಾ, ಮೊದಲ ಇಟ್ಟಂಗಿ ನಿಂದು ಅಂತ ಬಡದ ಕೂಡ್ಲೇ ಗೊತ್ತಾತು. ಮಂದೀವು ಗ್ವಾಡಿಗೆ ಬೀಳ್ತಾವ. ನಿಂದು ನೆಟ್ಟಗ ಬೀಳ್ತದ,” ಎಂದು ನಗಲು ಹೋದಳು. ತುಟಿಯಿಂದ ರಕ್ತ ಬಂತು.

“ಬಾಯಿ ಮುಚ್ಕೊಂಡು ಮಲಕೋ,” ಎಂದೆ.

“ನಿಂಗಿ?”

“ಅದಾಳ. ಕೈ ಮುರದದ.”

“ಮುರೀಲಿ ಬಿಡು, ಕೂಡ್ತದ.” ಆಮೇಲೆ ಕೇಳಿದಳು, “ನನ್ನ ಹೊರಗ ಬಿಡಾಕ ಬಾಗಿಲ ನೀನ ತಗೀತಿ ಏನು, ಬ್ಯಾರೆ ಯಾರಿಗರ ಹೇಳ್ತಿ?”

ನಾನು ಎದ್ದೆ. ಪಾನಾ ತೆಗೆದುಕೊಂಡು ಕಾರ್ಖಾನೆಯ ನೆಲಮಾಳಿಗೆಗೆ ಹೋದೆ. ನಿಮ್ಮ ಕಾಲದಲ್ಲಿ ಆ ಗಂಟೆ ದೀಪ ಹಚ್ಚಿದ ಒಬ್ಬ ತಾಯಿಯನ್ನಾದರೂ ನೀವು ಶಿಕ್ಷಿಸದೆ ಬಿಟ್ಟಿರಬಹುದು, ಅದನ್ನು ಯಾರಾದರೂ ಬರೆದಿಟ್ಟಿರಬಹುದು ಎಂದು ಹೋದೆ. ಅಲ್ಲಿ ಮೂರು ಕಬ್ಬಿಣದ ಕಪಾಟುಗಳು ಗೋಡೆಗೆ ಸೇರಿಸಿ ನಿಂತಿವೆ. ಹುಳ, ಹಾವು ಎಂದು ಯಾರೂ ಅಲ್ಲಿಗೆ ಇಳಿಯುವುದಿಲ್ಲ. ಮೊದಲನೆಯದರ ಬೀಗ ಒಡೆದೆ, ಒಳಗೆ ಮಣ್ಣು. ಎರಡನೆಯದರಲ್ಲಿ ಒಂದು ಪಾಳಿ ಪುಸ್ತಕ ಸಿಕ್ಕಿತು. ಕೆಲಸದ ಪಾಳಿಯಲ್ಲಿದ್ದವರು ಹೊತ್ತು ಹೊತ್ತಿಗೆ ನಡೆದದ್ದನ್ನು ಬರೆದಿಡುತ್ತಿದ್ದ ಪುಸ್ತಕ. ಗೆದ್ದಲು ತಿಂದು ಉಳಿದದ್ದರಲ್ಲಿ ಕೊನೆಯ ಹಾಳೆ ಇದು, ಇದ್ದಂತೆಯೇ ಇಳಿಸುತ್ತೇನೆ.

‘ಶನಿವಾರ, ಮಾರ್ಚ್ 28. ರಾತ್ರಿ 8:30, ಕಾಲೊನಿಯಲ್ಲಿ ದೀಪ ಆರಿಸಿದರು. ಘಟಕ ಎಂದಿನಂತೆ ನಡೆಯುತ್ತಿದೆ. 8:50, ಕಾಲೊನಿಯ ಮಕ್ಕಳು ಮೇಣದಬತ್ತಿ ಹಿಡಿದು ಗೇಟಿನವರೆಗೆ ಮೆರವಣಿಗೆ ಬಂದರು. ಚೆನ್ನಾಗಿತ್ತು. 9:15, ಕಲ್ಲಿದ್ದಲು ಕಳಪೆ, ಉರಿ ಇಳಿಯದಂತೆ ಎಣ್ಣೆ ಬಿಡಲಾಗಿದೆ. 9:30,’

ಅಷ್ಟೇ. ಮುಂದೆ ಹಾಳೆ ಇಲ್ಲ.

ಆ ನೆಲಮಾಳಿಗೆಯಲ್ಲಿ ಒಂದು ಸಾಲನ್ನು ಮತ್ತೆ ಮತ್ತೆ ಓದಿದೆ. ಉರಿ ಇಳಿಯದಂತೆ ಎಣ್ಣೆ ಬಿಡಲಾಗಿದೆ. ಮನೆಯಲ್ಲಿ ದೀಪ ಆರಿಸಿ, ಕುಲುಮೆಗೆ ಎಣ್ಣೆ ಬಿಟ್ಟಿರಿ. ಯಾರೂ ಯಾರಿಗೂ ಕಲ್ಲು ಹೊಡೆಯಲಿಲ್ಲ. ಚೆನ್ನಾಗಿತ್ತು ಎಂದು ಬರೆದಿರಿ. ನೀವು ಎದುರಿಗಿದ್ದಿದ್ದರೆ ಆ ಕ್ಷಣ ನಿಮ್ಮ ತಲೆ ಒಡೆಯುತ್ತಿದ್ದೆ. ಇದನ್ನು ಮುಚ್ಚಿಡದೆ ಬರೆಯುತ್ತಿದ್ದೇನೆ.

ಭಾನುವಾರ ಸಂಜೆ ತಳದ ಕಟ್ಟೆಯ ಮೇಲೆ ಸಭೆ ಸೇರಿಸಿ ಆ ಹಾಳೆಯನ್ನು ಓದಿದೆ. ಓದಿ ಮುಗಿಸುವ ಮೊದಲೇ ಅಯ್ಯಣ್ಣ ಎದ್ದು ನಿಂತ.

“ಓದು ಯಜಮಾನಿ, ಓದು. ನನ್ನ ಹುಲಿಗೆಮ್ಮನ ಹೊರಗ ಹಾಕುವಾಗ ಒಂದು ಪುಸ್ತಕಾನೂ ಸಿಗಲಿಲ್ಲಲ್ಲ ನಿನಗ! ಮಗಳ ಪಾಳಿ ಬಂದಾಗ ಕಪಾಟ ತಗದಿ.”

ನಾನು ಹಾಳೆಯನ್ನು ಕೊನೆಯವರೆಗೆ ಓದಿದೆ. ಮೊದಲನೇ ಸುತ್ತಿನ ಮುದುಕಿಯೊಬ್ಬಳು, “ಮೇಣದಬತ್ತಿ ಅಂದ್ರ ಏನಬೇ ಅದು?” ಎಂದು ಕೇಳಿದಳು. ಹಿಂದಿನಿಂದ ಯಾರೋ, “ತಿನ್ನಾದಿರಬೇಕು. ಹುಡುಗ್ರ ಕೈಯಾಗ ಮತ್ತೇನಿರ್ತದ?” ಎಂದರು. ಜನ ನಕ್ಕರು. ಬತ್ತಿ ಎಂದಮೇಲೆ ಉರಿಯುವಂಥದ್ದೇ ಎಂದು ನಾನು ಹೇಳಿದೆ. ಮಕ್ಕಳು ಕತ್ತಲೆಗಂಟೆಯಲ್ಲಿ ಬೆಳಕು ಹಿಡಿದು ಬೀದಿಯಲ್ಲಿ ನಡೆದರು, ಹಿರಿಯರು ನೋಡಿ ಸಂತೋಷಪಟ್ಟರು ಎಂದೆ.

ನಗು ನಿಂತುಹೋಯಿತು. “ಸುಳ್ಳು ಓದ್ಯಾಳ!” ಎಂದು ಅಯ್ಯಣ್ಣನ ತಮ್ಮನ ಮಗ ದುರಗಪ್ಪ ಕಟ್ಟೆ ಹತ್ತಿ ಪುಸ್ತಕಕ್ಕೆ ಕೈ ಹಾಕಿದ. ನಾನು ಪಾನಾದಿಂದ ಹೊಡೆದೆ. ಮೊಣಕೈ ಕೆಳಗೆ ಎಲುಬು ಮುರಿದ ಸದ್ದು ಸಭೆಗೆಲ್ಲ ಕೇಳಿಸಿತು. ಅವನು ಬಿದ್ದ, ಅವನ ಮೇಲೆ ಹಾಯ್ದು ಇನ್ನಿಬ್ಬರು ಬಂದರು. ಒಬ್ಬನು ನನ್ನ ಕೂದಲು ಹಿಡಿದು ಕಟ್ಟೆಯಿಂದ ಕೆಳಗೆ ಎಳೆದ. ನನ್ನ ಅಳಿಯ ಅವನ ಕಿವಿ ಕಚ್ಚಿ ಬಿಡಿಸಿದ. ಇಟ್ಟಂಗಿ ಒತ್ತುವ ಅಚ್ಚುಗಳು, ಚಪ್ಪಲಿ ಕತ್ತರಿಸುವ ಬಾಕುಗಳು ಹೊರಬಂದವು. ಎರಡನೇ ಸುತ್ತಿನ ಒಬ್ಬನ ಹೊಟ್ಟೆ ಸೀಳಿತು, ಅವನು ಈ ಬೆಳಗ್ಗೆ ತೀರಿಕೊಂಡ. ಅವನ ಹೆಸರು ಸಣ್ಣ ಹಂಪಯ್ಯ. ನೀರಿನ ಸರದಿ ಕೇಳಲು ಬಂದವನು, ಜಗಳಕ್ಕೆ ಬಂದವನಲ್ಲ. ಇದೆಲ್ಲ ಇನ್ನೂ ಬೆಳಕಿರುವಾಗಲೇ, ಎಲ್ಲರ ಕಣ್ಣೆದುರೇ ನಡೆಯಿತು.

ಕೊನೆಗೆ ನಿಲ್ಲಿಸಿದವನು ಅಯ್ಯಣ್ಣನೇ. ಅವನು ಕೆಟ್ಟವನಲ್ಲ. ನನ್ನಷ್ಟೇ ಹಟಮಾರಿ. ರಕ್ತ ಒರೆಸಿಕೊಳ್ಳುತ್ತ ನನ್ನ ಎದುರಿಗೆ ಬಂದು ನಿಂತ.

“ಒಂಬತ್ತೂವರಿಗೆ ಏನಾತು? ಅದರಾಗ ಬರದಿಲ್ಲ. ಯಾಕ ಬರದಿಲ್ಲ? ಅವಾಗ ಹಿರ್‍ಯಾರು ಉರಿಗೆ ನೀರು ಹಾಕ್ಯಾರ, ಬರಕೋತ ಕುಂದ್ರಾಕ ಯಾರಿದ್ರು ಅಲ್ಲಿ! ನನ್ನ ಹೆಂಡ್ತಿ ಸುಮ್ಮಸುಮ್ಮನ ಸತ್ತಳು ಅಂತ ನಾ ಹೆಂಗ ನಂಬಲಿ ಸೂಗಮ್ಮ? ಮುಂದಿನ ಹಾಳಿ ತೋರ್ಸು. ಅವರು ಮತ್ತ ದೀಪ ಹಚ್ಚಿದ್ರು ಅಂತ ಬರದಿದ್ರ ನಿನ್ನ ಮಗಳ ಕಾಲು ನಾನ ಹಿಡೀತೀನಿ. ಇಲ್ಲಂದ್ರ ಮಂಗಳವಾರ ನೆತ್ತಿಹೊತ್ತಿಗೆ ಬಾಗಿಲ ತಗಿ. ಹ್ಯಾಂಗ ನನ್ನ ಹೆಂಡ್ತಿಗೆ ತಗದಿದ್ದಿ, ಹಂಗ.”

ಸಭೆ ಕೈ ಎತ್ತಿ ಒಪ್ಪಿತು. ಇಲ್ಲಿಂದ ಓಡಿಹೋಗಬಾರದೇ ಎಂದು ನೀವು ಕೇಳಬಹುದು. ಮುಂದಿನ ನೆರಳು ಹದಿನೆಂಟು ಹರದಾರಿ ದೂರದಲ್ಲಿದೆ. ಮೋನಮ್ಮ ಎದ್ದು ಕೂರಲಾರಳು.

ಮೂರನೇ ಕಪಾಟನ್ನು ನಾನು ಇನ್ನೂ ತೆರೆದಿಲ್ಲ. ಅದಕ್ಕೆ ಹಿತ್ತಾಳೆಯ ದೊಡ್ಡ ಬೀಗವಿದೆ. ನೂರು ವರ್ಷದಿಂದ ಯಾರೂ ಮುಟ್ಟಿದ ಗುರುತಿಲ್ಲ. ಪಾನಾದ ಒಂದೇ ಏಟಿಗೆ ಒಡೆಯುತ್ತದೆ. ನಿನ್ನೆಯೇ ಒಡೆಯಲು ಕೈ ಎತ್ತಿದೆ, ಮತ್ತೆ ಇಳಿಸಿದೆ. ಒಡೆದು, ಒಳಗೆ ಏನೂ ಇಲ್ಲವೆಂದು ಕಣ್ಣಾರೆ ಕಂಡಮೇಲೆ ನಿಮಗೆ ಬರೆದು ಫಲವಿಲ್ಲ. ಒಡೆಯದೆ ಇರುವ ತನಕ ಅದರೊಳಗೆ ಏನಾದರೂ ಇಡಲು ನಿಮಗೆ ಹೊತ್ತಿದೆ. ಸತ್ತವರಿಗೆ ಹೇಳುವುದಿದ್ದರೆ ಬರೆದು ಆರಿದ ಕುಲುಮೆಯ ಬಾಯಿಗೆ ಹಾಕುವುದು ನಮ್ಮಲ್ಲಿ ಪದ್ಧತಿ. ಅದನ್ನು ಕೆಲಸವಿಲ್ಲದ ಹೆಂಗಸರ ಹುಚ್ಚೆಂದು ನಾನು ಬೈಯುತ್ತಿದ್ದೆ. ಇವತ್ತು ನಾನೇ ಹಾಕುತ್ತಿದ್ದೇನೆ. ಇದು ನಿಮಗೆ ತಲುಪಿದರೆ, ನೀವು ಇನ್ನೂ ಆ ಗಂಟೆಯನ್ನು ಆಚರಿಸುತ್ತಿರುವ ಕಾಲದಲ್ಲಿ ತಲುಪಿದರೆ, ಹೀಗೆ ಮಾಡಿ.

ಒಂದು ಒಳ್ಳೆಯ ಹಾಳೆ ತೆಗೆದುಕೊಳ್ಳಿ. ಒಂಬತ್ತೂವರೆಗೆ ನೀವು ಏನು ಮಾಡಿದಿರೆಂದು ಬರೆಯಿರಿ. ದೀಪ ಹಚ್ಚಿದಿರಾದರೆ, ಹಚ್ಚಿದೆವು ಎಂದು ಬರೆಯಿರಿ. ಹತ್ತು ಗಂಟೆಗೆ, ಮರುದಿನ, ಮರುವರ್ಷ ಏನು ಸುಟ್ಟಿರಿ, ಎಷ್ಟು ಸುಟ್ಟಿರಿ, ಅದನ್ನೂ ಬರೆಯಿರಿ. ಮೇಣದಬತ್ತಿ ಉರಿಯುವ ವಸ್ತು ಹೌದೋ ಅಲ್ಲವೋ, ಒಂದು ಸಾಲಿನಲ್ಲಿ ಬಿಡಿಸಿ ಹೇಳಿ. ಯಾರಿಗೂ ಕಲ್ಲು ಹೊಡೆಯಲಿಲ್ಲ ಎಂಬುದನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ. ಚೆಂದ ಮಾಡಿ ಬರೆಯಬೇಡಿ. ನೀವು ಬಹಳ ಒಳ್ಳೆಯವರಾಗಿ ಕಂಡರೆ ನನ್ನ ಮಗಳು ಸಾಯುತ್ತಾಳೆ. ನಮ್ಮ ಹಿರಿಯರು ಒಂದು ಗಂಟೆ ದೀಪ ಆರಿಸಿ, ಅಷ್ಟಕ್ಕೇ ಸಮಾಧಾನಪಟ್ಟು, ಮತ್ತೆ ಹಚ್ಚಿಕೊಂಡ ಸಾಮಾನ್ಯ ಜನ ಎಂಬುದು ಅಯ್ಯಣ್ಣನಿಗೆ ಓದಿದ ಕೂಡಲೇ ತಿಳಿಯಬೇಕು. ಸಹಿ ಹಾಕಿ, ದಿನಾಂಕ ಹಾಕಿ. ಗೆದ್ದಲು ಮುಟ್ಟದಂತೆ ತಗಡಿನ ಡಬ್ಬಿಯಲ್ಲಿಟ್ಟು, ನೆಲಮಾಳಿಗೆಯ ಬಲಗಡೆಯ ಆ ಮೂರನೇ ಕಪಾಟಿನಲ್ಲಿ ಸೇರಿಸಿ ಬೀಗ ಹಾಕಿ.

ಆ ಹಾಳೆ ಓದಿದ ದಿನ ಗಡಿಗೆಯ ಜನರಿಗೆ ಇಷ್ಟು ದಿನ ಇದ್ದ ಹೆಮ್ಮೆ ಇರುವುದಿಲ್ಲ. ಹುಲಿಗೆಮ್ಮನೂ, ಅವಳಿಗಿಂತ ಮೊದಲಿನ ಹತ್ತು ಜನರೂ ಯಾವ ಕಾರಣಕ್ಕೂ ಅಲ್ಲದೆ ನನ್ನ ಕೈಯಿಂದ ಸತ್ತರು ಎಂಬುದು ಐದೂ ಸುತ್ತಿಗೆ ತಿಳಿಯುತ್ತದೆ. ಆಮೇಲೆ ಅವರು ನನ್ನನ್ನು ಏನು ಮಾಡುತ್ತಾರೋ ಮಾಡಲಿ. ಓದುವವಳು ನಾನೇ. ಒಂದು ಅಕ್ಷರವನ್ನೂ ಬಿಡದೆ ಓದುತ್ತೇನೆ.

ನಾಳೆ ಮುಂಜಾನೆ ಐದಕ್ಕೆ ನಾನು ಬೀಗ ಒಡೆಯುತ್ತೇನೆ. ಬರೆಯಲು ನಾಚಿಕೆಯಾಗುತ್ತದೆಂದು ಬಿಡಬೇಡಿ. ನಿಮ್ಮ ನಾಚಿಕೆಯೊಂದೇ ಅವಳನ್ನು ಉಳಿಸಬಲ್ಲದು.

ಸೂಗಮ್ಮ